ಕನ್ನಡ ಅಕ್ಷರದಲ್ಲಿ ಸ್ಪ್ಯಾನಿಷ್ ಬರೆದುಕೊಂಡು ಪೆರುವಿಗೆ: ಒಂಬತ್ತು ದಿನಗಳು

ಹೊರಡುವ ಮುನ್ನ

ಮೂವತ್ತೊಂದು ವರ್ಷ ಹಾಸನ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಕಲಿಸಿದ್ದೇನೆ. ಪ್ರತಿ ವರ್ಷ ವರ್ಣಮಾಲೆಯಲ್ಲಿ ಞ ಬಂದಾಗ ಮಕ್ಕಳಿಗೆ ಹೇಳಲು ನನ್ನ ಬಳಿ ಒಂದು ಪದ ಇರುತ್ತಿರಲಿಲ್ಲ. ಜ್ಞಾನ, ಯಜ್ಞಗಳಲ್ಲಿ ಅದು ಒತ್ತಾಗಿ ಅಡಗಿರುತ್ತದೆ. ತಾನೇ ತಲೆಯೆತ್ತಿ ನಿಲ್ಲುವ ದಿನಬಳಕೆಯ ಪದವಿಲ್ಲ. ಆ ಅಕ್ಷರಕ್ಕೆ ದಿನವಿಡೀ ಕೆಲಸವಿರುವ ಭಾಷೆ ಸ್ಪ್ಯಾನಿಷ್ ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಹ್ಯೂಸ್ಟನ್‌ನ ಮಗಳ ಮನೆಯಲ್ಲಿ. ಪಕ್ಕದ ಮನೆಯ ಮೆಕ್ಸಿಕೋ ಮೂಲದ ಅಜ್ಜಿ ನನಗೆ ಎರಡು ತಿಂಗಳು ಸಂಜೆ ಹೊತ್ತು ಪಾಠ ಹೇಳಿದರು. ಸೆಞೋರಾ ಎಂದರೆ ಅಮ್ಮ, ಮಞಾನಾ ಎಂದರೆ ನಾಳೆ, ಬಾಞೊ ಎಂದರೆ ಶೌಚಾಲಯ. ಎಲ್ಲವನ್ನೂ ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ.

ಸ್ಪ್ಯಾನಿಷ್ ಮಾತನಾಡುವ ಯಾವ ದೇಶಕ್ಕೆ ಹೊರಟಿದ್ದರೂ ಇದೊಂದನ್ನು ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕನ್ನಡಿಗರಿಗೆ ಇದು ಸುಲಭ. ಅವರ ಸ್ವರಗಳು ಅ, ಎ, ಇ, ಒ, ಉ, ಅಷ್ಟೇ. ಬರೆದಂತೆಯೇ ಓದುತ್ತಾರೆ. ತಕಾರ, ದಕಾರ ನಮ್ಮ ತ, ದಗಳೇ. ನೆನಪಿಡಬೇಕಾದದ್ದು ಎರಡು ಮೂರು: ಎಚ್ ಅಕ್ಷರಕ್ಕೆ ಸದ್ದಿಲ್ಲ, ಜೆ ಬಂದರೆ ಹಕಾರ, ಜೋಡಿ ಎಲ್ ಬಂದರೆ ಯಕಾರ. ಇಂಗ್ಲಿಷ್ ಲಿಪಿಯಲ್ಲಿ ಓದಿ ಕಲಿಯುವುದಕ್ಕಿಂತ ಕನ್ನಡದಲ್ಲಿ ಬರೆದುಕೊಂಡರೆ ಉಚ್ಚಾರ ಹೆಚ್ಚು ಸರಿಯಾಗಿ ಬರುತ್ತದೆ. ಒಂಬತ್ತು ದಿನವೂ ನಾನು ಹೇಳಿದ್ದು ಅಲ್ಲಿಯವರಿಗೆ ತಿಳಿಯಿತು. ಅವರು ಹೇಳಿದ್ದು ನನಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ಕೈಸನ್ನೆ ಇತ್ತು.

ವೀಸಾ ವಿಚಾರ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವಂತೆ ಇದ್ದರೆ ಭಾರತೀಯರು ಪ್ರವಾಸಕ್ಕಾಗಿ ಪೆರುವಿಗೆ ಬೇರೆ ವೀಸಾ ಮಾಡಿಸಬೇಕಿಲ್ಲ. ನನಗೂ ನಮ್ಮ ಯಜಮಾನರಿಗೂ ಅಮೆರಿಕದ ವೀಸಾ ಇದ್ದದ್ದರಿಂದ ಈ ಪ್ರವಾಸ ಸಾಧ್ಯವಾಯಿತು. ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಟಿಕೆಟ್ ಕೊಳ್ಳುವ ಮೊದಲು ಅಲ್ಲಿಯೇ ಒಮ್ಮೆ ವಿಚಾರಿಸಿಕೊಳ್ಳಿ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಹಳದಿ ಜ್ವರ ಇರುವ ದೇಶಗಳ ಭಾರತದ ಪಟ್ಟಿಯಲ್ಲಿ ಪೆರು ಸೇರಿದೆ. ಅಲ್ಲಿಂದ ನೇರವಾಗಿ ತಾಯ್ನಾಡಿಗೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಬಳಿಕವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದು.

ಮೊದಲನೆಯ ದಿನ: ಲಿಮಾ, ರಾತ್ರಿ

ಹ್ಯೂಸ್ಟನ್‌ನಿಂದ ಪೆರುವಿನ ರಾಜಧಾನಿ ಲಿಮಾಕ್ಕೆ ಏಳು ಗಂಟೆಯ ಹಾರಾಟ. ಮೇ ತಿಂಗಳಲ್ಲಿ ಎರಡೂ ಊರಿಗೆ ಒಂದೇ ಸಮಯ, ಗಡಿಯಾರ ತಿರುಗಿಸುವ ಕೆಲಸವಿಲ್ಲ. ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ.

ಲಿಮಾದ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ವಿಮಾನ ನಿಲ್ದಾಣದ ಒಳಗಿರುವ ಅಧಿಕೃತ ಟ್ಯಾಕ್ಸಿ ಕೌಂಟರಿನಲ್ಲಿ ದರ ಮಾತನಾಡಿಕೊಂಡು, ಹೊರಗೆ ಕೂಗಿ ಕರೆಯುವವರ ಕಡೆ ತಿರುಗದೆ ಹೊರಟೆವು. ಇಳಿದುಕೊಂಡದ್ದು ಮಿರಾಫ್ಲೋರೆಸ್ ಬಡಾವಣೆಯಲ್ಲಿ. ಹೋಟೆಲಿನಲ್ಲಿ ಪಾಸ್‌ಪೋರ್ಟ್ ಮತ್ತು ದೇಶ ಪ್ರವೇಶಿಸಿದ ದಾಖಲೆ ತೋರಿಸಿದರೆ ಹೊರದೇಶದ ಪ್ರವಾಸಿಗರಿಗೆ ಕೋಣೆಯ ಬಾಡಿಗೆಯ ಮೇಲಿನ 18 ಶೇಕಡಾ ತೆರಿಗೆ ಇರುವುದಿಲ್ಲ. ಬಿಲ್ಲಿನಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳಿ.

ಎರಡನೆಯ ದಿನ: ಲಿಮಾ

ಬೆಳಿಗ್ಗೆ ಹಣ ಬದಲಿಸಿದೆವು. ಅಲ್ಲಿಯ ನಾಣ್ಯದ ಹೆಸರು ಸೋಲ್; ಸ್ಪ್ಯಾನಿಷ್‌ನಲ್ಲಿ ಸೂರ್ಯನಿಗೂ ಅದೇ ಹೆಸರು. ನಾವು ಹೋದಾಗ ಒಂದು ಸೋಲ್ ನಮ್ಮ 24 ರೂಪಾಯಿ ಆಸುಪಾಸಿನಲ್ಲಿತ್ತು. ಡಾಲರ್ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ತೆಗೆದುಕೊಳ್ಳುವುದಿಲ್ಲ. ನಮ್ಮವರು ಜೇಬಿನಲ್ಲಿ ಮಡಿಸಿಟ್ಟಿದ್ದ ಇಪ್ಪತ್ತರ ಎರಡು ನೋಟುಗಳು ಹಾಗೆಯೇ ಹ್ಯೂಸ್ಟನ್‌ಗೆ ವಾಪಸಾದವು. ಸೋಲ್‌ನಲ್ಲಿ ನೂರು, ಇನ್ನೂರರ ನೋಟು ಬಂದರೆ ದೊಡ್ಡ ಅಂಗಡಿಯಲ್ಲಿ ಮುರಿಸಿಕೊಳ್ಳಿ, ಸಣ್ಣ ಅಂಗಡಿಗಳಲ್ಲಿ ಚಿಲ್ಲರೆ ಸಿಗುವುದಿಲ್ಲ.

ಲಿಮಾ ಮರುಭೂಮಿಯ ಅಂಚಿನ ನಗರ. ಮಳೆ ಬೀಳುವುದೇ ಅಪರೂಪ, ಆದರೂ ಚಳಿಗಾಲದ ತಿಂಗಳುಗಳಲ್ಲಿ ಸಮುದ್ರದಿಂದ ಎದ್ದ ಮಂಜು ಊರಿನ ಮೇಲೆ ಹೊದಿಕೆಯಂತೆ ಕುಳಿತಿರುತ್ತದೆ. ಬಡಾವಣೆಯ ನಡುವೆಯೇ ವಾಕಾ ಪುಕ್ಯಾನಾ ಎಂಬ ಹಸಿ ಇಟ್ಟಿಗೆಯ ಗುಡ್ಡವಿದೆ. ಸ್ಪೇನಿನವರು ಬರುವ ಮೊದಲು ಈ ನಾಡನ್ನು ಆಳಿದ ಇಂಕಾ ಅರಸರಿಗಿಂತ ಬಹಳ ಹಿಂದೆ ಇಲ್ಲಿದ್ದವರು ಕಟ್ಟಿದ ಪೂಜಾಸ್ಥಾನ. ನಾನು ಅದರ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ಇಟ್ಟಿಗೆಗಳನ್ನು ಮಲಗಿಸಿಲ್ಲ, ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ನೆಟ್ಟಗೆ ನಿಲ್ಲಿಸಿದ್ದಾರೆ, ನಡುವೆ ಬೆರಳಗಲ ಸಂದು ಬಿಟ್ಟಿದ್ದಾರೆ. ಭೂಮಿ ನಡುಗಿದಾಗ ಆ ಸಂದುಗಳಲ್ಲಿ ಇಟ್ಟಿಗೆ ಅಲುಗಾಡಿ ಗೋಡೆ ನಿಲ್ಲುತ್ತದೆ. ಇಂದಿಗೂ ಲಿಮಾದ ಕಟ್ಟಡಗಳ ಒಳಗೆ ಹಸಿರು ಬಿಳುಪಿನ ಫಲಕದಲ್ಲಿ ಎಸ್ ಅಕ್ಷರ ಬರೆದಿರುತ್ತಾರೆ. ಭೂಕಂಪದ ವೇಳೆ ನಿಲ್ಲಬೇಕಾದ ಜಾಗ ಅದು. ಹೋಟೆಲಿಗೆ ಹೋದೊಡನೆ ಆ ಫಲಕ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಮಧ್ಯಾಹ್ನದ ಊಟದಲ್ಲಿ ಮೊದಲ ಪಾಠ ಆಯಿತು. ಮೆನೂ ಎಂದರೆ ಅಲ್ಲಿ ತಿಂಡಿಪಟ್ಟಿಯಲ್ಲ, ಸೂಪು, ಮುಖ್ಯ ಊಟ, ಪಾನೀಯ ಎಲ್ಲ ಸೇರಿದ ದಿನದ ಊಟ. ಹದಿನೈದು ಸೋಲ್‌ನಲ್ಲಿ ಹೊಟ್ಟೆ ತುಂಬುತ್ತದೆ. "ಸಿನ್ ಕಾರ್ನೆ" ಎಂದೆ, ಮಾಂಸ ಬೇಡ ಎಂದು. ಬಡಿಸುವಾಕೆ ತಲೆಯಾಡಿಸಿ ಸೂಪು ತಂದಿಟ್ಟರು. ನಾವು ಹುಟ್ಟಾ ಸಸ್ಯಾಹಾರಿಗಳು. ಚಮಚ ಬಾಯಿಯ ಹತ್ತಿರ ಬಂದಾಗಲೇ ವಾಸನೆ ಗೊತ್ತಾಯಿತು, ಕೋಳಿ ಬೇಯಿಸಿದ ನೀರು. ತಪ್ಪು ಆಕೆಯದಲ್ಲ. ಕಾರ್ನೆ ಎಂದರೆ ಅಲ್ಲಿಯವರ ಮನಸ್ಸಿನಲ್ಲಿ ದನದ ಮಾಂಸ, ಕೋಳಿ ಆ ಲೆಕ್ಕಕ್ಕೆ ಬರುವುದಿಲ್ಲ. ನೋಟ್‌ಬುಕ್ ತೆಗೆದು ಆಕೆಯ ಮುಂದೆ ಹಿಡಿದೆ. ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿ ನಕ್ಕು, ತಾವೇ ಒಂದೊಂದಾಗಿ ಹೇಳಿ ಬರೆಸಿದರು: ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ ದೆ ಪೊಯ್ಯೊ. ಮಾಂಸ, ಕೋಳಿ, ಮೀನು, ಕೋಳಿಯ ಕಟ್ಟು ಯಾವುದೂ ಬೇಡ. ಮೊಟ್ಟೆ ತಿನ್ನದವರು ಸಿನ್ ವೇವೊ ಎಂದೂ ಸೇರಿಸಿಕೊಳ್ಳಿ. ಆ ಪುಟವನ್ನು ಮುಂದಿನ ಏಳು ದಿನ ಮಂತ್ರದಂತೆ ಹೇಳಿದೆ, ಮತ್ತೆ ಒಮ್ಮೆಯೂ ತೊಂದರೆಯಾಗಲಿಲ್ಲ.

ತಿನ್ನಲು ಬೇಕಾದಷ್ಟಿದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ ಮತ್ತು ಚೀಸಿನ ಗೊಜ್ಜು ಸುರಿದ ಪಾಪಾ ಆ ಲಾ ವಂಕಾಯೀನಾ, ಅನ್ನ ಕಾಳು ಸೇರಿಸಿ ಹೆಂಚಿನ ಮೇಲೆ ಹುರಿದ ತಾಕು ತಾಕು, ನೇರಳೆ ಬಣ್ಣದ ಮುಸುಕಿನ ಜೋಳ ಕುದಿಸಿ ಮಾಡಿದ ಚಿಚಾ ಮೊರಾದಾ. ಚೀನಾ ಮೂಲದವರ ಚೀಫಾ ಎಂಬ ಹೋಟೆಲುಗಳು ಎಲ್ಲ ಊರಿನಲ್ಲೂ ಇವೆ. ಮೇಲಿನ ಮಂತ್ರ ಹೇಳಿದರೆ ತರಕಾರಿ ಹಾಕಿ ಹುರಿದ ಅನ್ನ ಮಾಡಿಕೊಡುತ್ತಾರೆ. ನಲ್ಲಿ ನೀರು ಮಾತ್ರ ಕುಡಿಯಬೇಡಿ.

ಮೂರನೆಯ ದಿನ: ಬೆಟ್ಟ ಏರಿ, ಮತ್ತೆ ಇಳಿದು

ಸಮುದ್ರ ಮಟ್ಟದ ಲಿಮಾದಿಂದ ಸುಮಾರು 3,400 ಮೀಟರ್ ಎತ್ತರದ ಕುಸ್ಕೊಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ದೇಹಕ್ಕೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ಓಕರಿಕೆ, ನಿದ್ರೆಗೇಡು ಶುರುವಾಗುತ್ತವೆ. ಅದನ್ನು ಸೊರೋಚೆ ಎನ್ನುತ್ತಾರೆ. ಆದ್ದರಿಂದ ನಾವು ಕುಸ್ಕೊದಲ್ಲಿ ನಿಲ್ಲದೆ ವಿಮಾನ ನಿಲ್ದಾಣದಿಂದಲೇ ಎರಡು ಗಂಟೆ ದೂರದ ಒಯ್ಯಾಂತಾಯ್‌ತಾಂಬೊಗೆ ಹೋದೆವು. ಅದು ಕುಸ್ಕೊಗಿಂತ ಆರುನೂರು ಮೀಟರ್ ತಗ್ಗಿನಲ್ಲಿದೆ. ಅರವತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿ, ಮಾತ್ರೆ ಬೇಕಿದ್ದರೆ ಬರೆಸಿಕೊಂಡು ಹೋಗಬೇಕು.

ಆ ದಿನ ಮಾಡಿದ್ದು ಮೂರೇ ಕೆಲಸ: ನೀರು ಕುಡಿದದ್ದು, ನಿಧಾನವಾಗಿ ನಡೆದದ್ದು, ಬೇಗ ಮಲಗಿದ್ದು.

ನಾಲ್ಕನೆಯ ದಿನ: ಒಯ್ಯಾಂತಾಯ್‌ತಾಂಬೊ

ಬೆಳಗ್ಗೆ ಎದ್ದಾಗ ಕಿಟಕಿಯ ಕೆಳಗೆ ನೀರು ಹರಿಯುವ ಸದ್ದು. ಇಂಕಾ ಕಾಲದ ಕಲ್ಲಿನ ಕಾಲುವೆಗಳಲ್ಲಿ ಇವತ್ತಿಗೂ ಬೀದಿಯುದ್ದಕ್ಕೂ ನೀರು ಹರಿಯುತ್ತದೆ. ಊರಿನ ಜನ ಅದೇ ಹಳೆಯ ಕಲ್ಲಿನ ಅಡಿಪಾಯಗಳ ಮೇಲಿನ ಮನೆಗಳಲ್ಲೇ ಬದುಕುತ್ತಿದ್ದಾರೆ. ಇದು ನನಗೆ, ಮುಂದೆ ನೋಡಲಿದ್ದ ಪ್ರಸಿದ್ಧ ಇಂಕಾ ಪಾಳು ಊರು ಮಾಚು ಪಿಚುವಿಗಿಂತ ಹೆಚ್ಚು ಹಿಡಿಸಿತು, ಏಕೆಂದರೆ ಇಲ್ಲಿ ಊರು ಸತ್ತಿಲ್ಲ.

ಕೋಟೆಯ ನೆತ್ತಿಯಲ್ಲಿ ನಸುಗೆಂಪು ಬಣ್ಣದ ಆರು ಬೃಹತ್ ಶಿಲೆಗಳು ನಿಂತಿವೆ. ಕಣಿವೆಯ ಆಚೆ ಬದಿಯ ಗಣಿಯಿಂದ, ನದಿ ದಾಟಿಸಿ, ಇಷ್ಟು ಮೇಲಕ್ಕೆ ಎಳೆದು ತಂದವು. ಪ್ರವೇಶಕ್ಕೆ ಬೊಲೆತೊ ತುರಿಸ್ತಿಕೊ ಎಂಬ ಸಂಯುಕ್ತ ಚೀಟಿ ಕೊಳ್ಳಬೇಕು. ವಿದೇಶಿಯರಿಗೆ 130 ಸೋಲ್, ಹತ್ತು ದಿನದಲ್ಲಿ 16 ಜಾಗ ನೋಡಬಹುದು. ಮಾರಾಸ್‌ನ ಉಪ್ಪಿನ ಮಡಿಗಳು, ಕುಸ್ಕೊದ ಕೊರಿಕಾಂಚಾ ಎಂಬ ಇಂಕಾ ಸೂರ್ಯದೇಗುಲ ಮತ್ತು ಮುಖ್ಯ ಚರ್ಚು ಈ ಚೀಟಿಯಲ್ಲಿ ಬರುವುದಿಲ್ಲ.

ಸಂಜೆ ಊರಿನ ಮಾರುಕಟ್ಟೆಗೆ ಹೋದೆ. ಆಲೂಗಡ್ಡೆ ಬೆಳೆಯುವ ಜಿಲ್ಲೆಯವಳು ನಾನು. ಆಲೂಗಡ್ಡೆ ಎಂದರೆ ಕಂದು ಸಿಪ್ಪೆ, ಬಿಳಿ ತಿರುಳು ಎಂದುಕೊಂಡಿದ್ದೆ. ಅದರ ತವರು ಈ ಆಂಡೀಸ್ ಬೆಟ್ಟಗಳು. ಸ್ಥಳೀಯ ತಳಿಗಳೇ ನಾಲ್ಕು ಸಾವಿರಕ್ಕೂ ಹೆಚ್ಚು ಇವೆ. ನೆಲದ ಮೇಲೆ ಹಾಸಿದ ಕಂಬಳಿಯಲ್ಲಿ ಕಪ್ಪು, ನೇರಳೆ, ಕೆಂಪು, ಹಳದಿ ಗುಡ್ಡೆಗಳು. ಒಂದನ್ನು ಮಾರುವ ಹೆಂಗಸು ಉಗುರಿನಿಂದ ಸೀಳಿ ತೋರಿಸಿದರು. ಬಿಳಿ ತಿರುಳಿನ ನಡುವೆ ನೇರಳೆ ಬಣ್ಣದ ಉಂಗುರ, ಕುಂಚದಲ್ಲಿ ಬರೆದಂತೆ. ಇನ್ನೊಂದು ಶುಂಠಿಗಿಂತ ಹೆಚ್ಚು ಗಂಟುಗಂಟಾಗಿತ್ತು. ಈ ಬೆಟ್ಟದವರ ಭಾಷೆಯಾದ ಕೆಚುವಾದಲ್ಲಿ ಅದರ ಹೆಸರಿನ ಅರ್ಥ ಕೇಳಿದಾಗ ಕಣ್ಣೀರು ಒರೆಸುವಂತೆ ನಟಿಸಿ ತೋರಿಸಿದರು. "ಸೊಸೆಯನ್ನು ಅಳಿಸುವ ಆಲೂಗಡ್ಡೆ." ಸಿಪ್ಪೆ ಸುಲಿಯಲಾರದೆ ಹೊಸ ಸೊಸೆ ಅಳುತ್ತಾಳಂತೆ. ಅದರ ಪಕ್ಕದಲ್ಲಿ ಬೆಣಚುಕಲ್ಲಿನಂತೆ ಒಣಗಿದ ಚುಞೊ ಇತ್ತು. ಬೆಟ್ಟದ ಮೇಲಿನ ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ ಆಲೂಗಡ್ಡೆ ಅದು. ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಕರಾವಳಿಯವರು ಬಟಾಟೆ ಎನ್ನುವ ಪದ ಪೋರ್ಚುಗೀಸರಿಂದ ಬಂದದ್ದು. ಇಲ್ಲಿ ಅದಕ್ಕೆ ಪಾಪಾ ಎಂಬ ಹಳೆಯ ಕೆಚುವಾ ಹೆಸರೇ ಉಳಿದಿದೆ.

ಅಂದು ನೋಟ್‌ಬುಕ್ಕಿನಲ್ಲಿ ಬರೆದದ್ದು: ಸುಲ್ಪಾಯ್ಕಿ, ಕೆಚುವಾದಲ್ಲಿ ಧನ್ಯವಾದ. ಬೆಟ್ಟದ ಊರುಗಳಲ್ಲಿ ಗ್ರಾಸಿಯಾಸ್ ಎಂದರೆ ಸಾಕು, ಆದರೆ ಸುಲ್ಪಾಯ್ಕಿ ಎಂದರೆ ಮುಖ ಅರಳುತ್ತದೆ.

ಐದನೆಯ ದಿನ: ರೈಲು

ಮಾಚು ಪಿಚುವಿನ ಬುಡದ ಊರಾದ ಆಗ್ವಾಸ್ ಕಾಲಿಯೆಂತೆಸ್‌ಗೆ ಮೋಟಾರು ರಸ್ತೆ ಇಲ್ಲ. ರೈಲು, ಇಲ್ಲವೇ ಕಾಲ್ನಡಿಗೆ. ಸುಮಾರು ಒಂದೂಮುಕ್ಕಾಲು ಗಂಟೆಯ ದಾರಿ, ಪಕ್ಕದಲ್ಲೇ ಉರುಬಾಂಬಾ ನದಿ. ರೈಲಿನಲ್ಲಿ ಕೈಚೀಲದಷ್ಟು ಸಾಮಾನಿಗೆ ಮಾತ್ರ ಅವಕಾಶ, ದೊಡ್ಡ ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಬಿಟ್ಟು ಹೊರಟೆವು. ಊರು ತುಂಬ ಹೋಟೆಲು, ಬೆಲೆ ಎಲ್ಲ ಒಂದಕ್ಕೆ ಒಂದೂವರೆ. ನಾಳೆಯ ಬಸ್ಸಿನ ಟಿಕೆಟ್ ಕೊಂಡು, ಚಟ್ನಿಪುಡಿ ಹಾಕಿ ಅನ್ನ ತಿಂದು ಮಲಗಿದೆವು.

ಆರನೆಯ ದಿನ: ಮಾಚು ಪಿಚು

ಇಲ್ಲಿ ಟಿಕೆಟ್ಟಿನ ಕಥೆಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ಈಗ ಒಳಗೆ ಮನಸ್ಸಿಗೆ ಬಂದಂತೆ ಓಡಾಡುವಂತಿಲ್ಲ. ಮೂರು ಮಾರ್ಗಗಳಿವೆ, ಟಿಕೆಟ್ ಕೊಳ್ಳುವಾಗಲೇ ಒಂದನ್ನು ಆರಿಸಿಕೊಳ್ಳಬೇಕು. ಮೊದಲನೆಯದು ಮೇಲಿನಿಂದ ನೋಟ ಮಾತ್ರ. ಎರಡನೆಯದರಲ್ಲಿ ನೋಟವೂ ಇದೆ, ಊರಿನ ಒಳಗೆ ನಡೆಯುವುದೂ ಇದೆ. ಮೂರನೆಯದು ಕೆಳಗಿನ ಭಾಗ. ನಡಿಗೆ ಸುಲಭ, ಆದರೆ ಎಲ್ಲರೂ ಚಿತ್ರದಲ್ಲಿ ಕಂಡಿರುವ ಆ ನೋಟ ಸಿಗುವುದಿಲ್ಲ. ದಿನಕ್ಕೆ ಸಾಮಾನ್ಯವಾಗಿ 4,500 ಜನ, ದಟ್ಟಣೆಯ ದಿನಗಳಲ್ಲಿ 5,600 ಜನರಿಗಷ್ಟೇ ಪ್ರವೇಶ. ನಾವು ಒಬ್ಬ ಮಧ್ಯವರ್ತಿಗೆ ಎರಡನೆಯ ಮಾರ್ಗ ಎಂದು ಹೇಳಿ ಹಣ ಕೊಟ್ಟಿದ್ದೆವು, ಕೈಗೆ ಬಂದದ್ದು ಮೂರನೆಯದು. ನಾವು ಹೊರಡುವ ವಾರದ ಮೊದಲು ಮಗಳು ಗಮನಿಸಿ, ಪೆರು ಸರ್ಕಾರದ ಅಧಿಕೃತ ತಾಣದಲ್ಲಿ ತಾನೇ ಬೇರೆ ಟಿಕೆಟ್ ತೆಗೆದಳು. ತಲಾ 152 ಸೋಲ್. ಮೊದಲ ಹಣ ಹೋಯಿತು. ನೀವು ನೇರವಾಗಿ ಅಲ್ಲಿಯೇ, ತಿಂಗಳುಗಳ ಮೊದಲೇ ಕೊಳ್ಳಿ.

ಅಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ಅರ್ಜಿಯಲ್ಲಿ ಅಪೆಯ್ಯೀದೊ ಎಂಬ ಕಾಲಂ ಬರುತ್ತದೆ, ಮನೆತನದ ಹೆಸರು ಎಂದು. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಎರಡೂ ಕಡೆ ನನ್ನ ಹೆಸರನ್ನೇ ಬರೆದೆವು. ಬಾಗಿಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ತಾಳೆ ನೋಡಿ ಬಿಟ್ಟರು. ಪಾಸ್‌ಪೋರ್ಟಿನ ಪ್ರತಿ ಸಾಲದು, ಮೂಲವೇ ಕೈಯಲ್ಲಿರಬೇಕು.

ಬೆಳಗಿನ ಜಾವ ಐದೂವರೆಗೆ ಮೊದಲ ಬಸ್. ಹೋಗಿ ಬರಲು 24 ಡಾಲರ್, ಇಷ್ಟು ಚಿಕ್ಕ ದಾರಿಗೆ ಬಹಳ ದುಬಾರಿ. ಬೆಟ್ಟ ಹತ್ತಬಲ್ಲವರು ಒಂದೂವರೆ ಗಂಟೆಯಲ್ಲಿ ಮೆಟ್ಟಿಲೇರಿ ಹೋಗಬಹುದು. ಒಳಗೆ ಶೌಚಾಲಯ ಇಲ್ಲ, ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದ ಪ್ರಶ್ನೆ, "ದೋಂದೆ ಎಸ್ತಾ ಎಲ್ ಬಾಞೊ?", ಬಾಗಿಲಿನ ಹೊರಗೇ ಕೇಳಿಬಿಡಿ. ಎರಡು ಸೋಲ್ ಚಿಲ್ಲರೆ ಇಟ್ಟುಕೊಂಡಿರಿ.

ಮೇಲೆ ಹೋದಾಗ ಬರೀ ಬಿಳಿ. ಕೈಚಾಚಿದರೆ ಕೈ ಕಾಣದಷ್ಟು ಮಂಜು. ಮುಕ್ಕಾಲು ಗಂಟೆ ಒದ್ದೆ ಕಲ್ಲಿನ ಮೇಲೆ ಕುಳಿತಿದ್ದೆವು. ಆಮೇಲೆ ಕೆಳಗಿನಿಂದ ಯಾರೋ ಪರದೆ ಎಳೆದಂತೆ ಒಂದು ಗೋಡೆಯ ಮೂಲೆ ಕಂಡಿತು, ಆಮೇಲೆ ಇನ್ನೊಂದು, ಆಮೇಲೆ ಹುಲ್ಲು ಮೇಯುತ್ತಿದ್ದ ಲಾಮಾ, ಕಟ್ಟಕಡೆಗೆ ಊರಿಗೆ ಊರೇ. ನಮ್ಮವರು ನನ್ನ ಕೈ ಹಿಡಿದುಕೊಂಡರು. ನಲವತ್ತು ವರ್ಷದ ದಾಂಪತ್ಯದಲ್ಲಿ ಹೊರಗೆ ಎಂದೂ ಹಾಗೆ ಹಿಡಿದವರಲ್ಲ.

ಇಂಕಾ ಅರಸ ಪಚಕೂತೀ 1450ರ ಸುಮಾರಿಗೆ ಕಟ್ಟಿಸಿದ್ದು ಎನ್ನುತ್ತಾರೆ. ನಮ್ಮಲ್ಲಿ ಪ್ರೌಢದೇವರಾಯ ಆಗಷ್ಟೇ ತೀರಿಕೊಂಡಿದ್ದ. ಅಮೆರಿಕದ ಸಂಶೋಧಕ ಹೈರಮ್ ಬಿಂಗಮ್ 1911ರಲ್ಲಿ ಬಂದಾಗ ಈ ಮೆಟ್ಟಿಲುಗದ್ದೆಗಳಲ್ಲಿ ರೈತ ಕುಟುಂಬಗಳು ಉಳುಮೆ ಮಾಡಿಕೊಂಡಿದ್ದವು. ಹಾಗಾಗಿ ಅವನು ಇದನ್ನು "ಕಂಡುಹಿಡಿದ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಗದ್ದೆಗಳ ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು, ಕೊನೆಗೆ ಮಣ್ಣು ಹಾಸಿದ್ದಾರೆ. ಎಷ್ಟು ಮಳೆ ಸುರಿದರೂ ನೀರು ಬಸಿದು ಹೋಗುತ್ತದೆ, ಬೆಟ್ಟ ಜಾರುವುದಿಲ್ಲ.

ಏಳು ಮತ್ತು ಎಂಟನೆಯ ದಿನ: ಕುಸ್ಕೊ

ರಾತ್ರಿಯೇ ಕುಸ್ಕೊ ತಲುಪಿದ್ದೆವು. ಬೆಳಿಗ್ಗೆ ಸಾನ್ ಬ್ಲಾಸ್ ಬೀದಿಯ ಮೆಟ್ಟಿಲು ಹತ್ತುವಾಗ ನಮ್ಮವರು ಮುಖ ಬಿಳಿಚಿಕೊಂಡು ಕುಳಿತುಬಿಟ್ಟರು. ನಾಲ್ಕು ದಿನ ತಗ್ಗಿನಲ್ಲಿದ್ದೇವೆ, ಇನ್ನು ಭಯವಿಲ್ಲ ಎಂದು ಅವಸರ ಮಾಡಿದ್ದೆವು. ಬೀದಿಬದಿಯ ಬೊತೀಕಾಗೆ, ಅಂದರೆ ಔಷಧದ ಅಂಗಡಿಗೆ ಹೋಗಿ ನೋಟ್‌ಬುಕ್ ನೋಡಿ ಹೇಳಿದೆ: "ಮೀ ಎಸ್ಪೋಸೊ. ಲೆ ದುಯೆಲೆ ಲಾ ಕಬೇಸಾ." ನನ್ನ ಗಂಡ, ಅವರಿಗೆ ತಲೆನೋವು. ಅಂಗಡಿಯ ಹುಡುಗಿ ಹೊರಗೆ ಬಂದು ಅವರನ್ನು ನೋಡಿ, ಹೋಟೆಲಿನಲ್ಲಿ ಆಮ್ಲಜನಕ ಕೇಳಿ, ಇವತ್ತು ಮಲಗಿಸಿ ಎಂದಳು. ಹೋಟೆಲಿನವರು ಹತ್ತು ನಿಮಿಷ ಆಮ್ಲಜನಕ ಕೊಟ್ಟು ಕೋಕಾ ಎಲೆಯ ಬಿಸಿ ಕಷಾಯ ಕುಡಿಸಿದರು. ಮಧ್ಯಾಹ್ನಕ್ಕೆ ಬಣ್ಣ ಬಂತು. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ತುರ್ತು ವೈದ್ಯಕೀಯ ಸೇವೆಗೆ 106, ಪೊಲೀಸರಿಗೆ 105 ಎಂದು ಬರೆದಿಟ್ಟುಕೊಳ್ಳಿ.

ಸಂಜೆ ನಾನೊಬ್ಬಳೇ ಹತುನ್ ರುಮಿಯೋಕ್ ಬೀದಿಯ ಹನ್ನೆರಡು ಮೂಲೆಯ ಕಲ್ಲನ್ನು ನೋಡಿ ಬಂದೆ. ಗಾರೆಯಿಲ್ಲದೆ ಸುತ್ತಲಿನ ಕಲ್ಲುಗಳೊಂದಿಗೆ ಬೆಸೆದುಕೊಂಡಿದೆ, ಕಾಗದವೂ ತೂರದು. 2025ರ ಫೆಬ್ರುವರಿಯಲ್ಲಿ ಒಬ್ಬ ಅದಕ್ಕೆ ಹೊಡೆದು ಮಾಡಿದ ಗಾಯಗಳನ್ನು ನೋಡಿ ಸಂಕಟವಾಯಿತು. 1950ರ ಭೂಕಂಪದಲ್ಲಿ ಸ್ಪೇನಿನವರ ಮಠ ಬಿದ್ದಾಗಲೂ ಅದರಡಿಯ ಇಂಕಾ ಗೋಡೆಗಳು ಕದಲದ ಊರಿದು.

ಎಂಟನೆಯ ದಿನ ಇಬ್ಬರೂ ಸಾನ್ ಪೆದ್ರೊ ಮಾರುಕಟ್ಟೆಗೆ ಹೋದೆವು. ಸೀತಾಫಲದ ಜಾತಿಯ ಚಿರಿಮೋಯಾ, ಒಡೆದರೆ ಲೋಳೆಯಂತೆ ಸಿಹಿಯಾದ ಗ್ರಾನಾದಿಯ್ಯಾ. ಹಣ್ಣಿನಾಕೆ ನನ್ನನ್ನು "ಕಸೇರಾ" ಎಂದು ಕರೆದರು. ಮಾರುವವರು ಕೊಳ್ಳುವವರನ್ನೂ, ಕೊಳ್ಳುವವರು ಮಾರುವವರನ್ನೂ ಅದೇ ಪದದಿಂದ ಕರೆಯುತ್ತಾರೆ. ವರ್ತನೆಯವರು ಎನ್ನುತ್ತೇವಲ್ಲ, ಆ ಸಲಿಗೆ. ನಾನೂ ಕಸೇರಾ ಎಂದೆ. ಒಂದು ಕಿಲೋ ತೂಗಿ, ಹಣ ಎಣಿಸಿಕೊಂಡು, ಚೀಲದ ಬಾಯಿ ಕಟ್ಟುವ ಮೊದಲು ಇನ್ನೊಂದು ಹಣ್ಣು ಒಳಗೆ ಹಾಕಿದರು. "ಯಾಪಾ" ಎಂದರು. ಅರ್ಥ ಕೇಳಬೇಕಾಗಲಿಲ್ಲ. ನೋಟ್‌ಬುಕ್ ತೆಗೆದು ಬರೆದೆ: ಯಾಪಾ, ಕೊಸರು.

ಒಂಬತ್ತನೆಯ ದಿನ: ಮರಳಿ

ಕೋಕಾ ಎಲೆ, ಅದರ ಟೀ ಚೀಲ, ಅದರ ಮಿಠಾಯಿ ಯಾವುದನ್ನೂ ಪೆರುವಿನಿಂದ ಹೊರಗೆ ಒಯ್ಯಬೇಡಿ. ಅಲ್ಲಿ ಅಂಗಡಿಯಲ್ಲಿ ರಾಶಿ ಹಾಕಿ ಮಾರುತ್ತಾರೆ, ಅಮೆರಿಕದಲ್ಲೂ ಭಾರತದಲ್ಲೂ ಅದು ಅಪರಾಧ. ಉಳಿದಿದ್ದ ಪೊಟ್ಟಣವನ್ನು ಕೋಣೆ ಗುಡಿಸುವ ಸೆಞೋರಾಗೆ ಕೊಟ್ಟೆ. ಅವರು ಮೇಜಿನ ಮೇಲಿದ್ದ ನೋಟ್‌ಬುಕ್ ತೆರೆದು, ಞ ಅಕ್ಷರದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಅವರ ಅಕ್ಷರವನ್ನು, ತಲೆಯ ಮೇಲೆ ಅಲೆ ಇರುವ ಎನ್ ಅನ್ನು, ಪಕ್ಕದಲ್ಲಿ ಬರೆದು ತೋರಿಸಿದೆ. ಪೆನ್ನು ಇಸಿದುಕೊಂಡು, ನಾಲಿಗೆ ಕಚ್ಚಿಕೊಂಡು, ಒಂದನೆಯ ತರಗತಿಯ ಮಗುವಿನಂತೆ ಎರಡು ಸಲ ತಿದ್ದಿ, ಮೂರನೆಯ ಸಲ ದುಂಡಗೆ ಞ ಬರೆದರು.